ಎದುರುಬದುರು ಕಿಟಕಿ

ಅಮ್ಮಾ,

ನೀನು ಹೋದ ಮೇಲೆ ಇದು ಮೊದಲ ಬೇಸಿಗೆ. ನಾನೂ ತಿಯಾನಾಳೂ ಕೊನೆಗೂ ಸಮುದ್ರದಂಡೆಯ ಆ ಕೋಟೊರ್ ಊರಿಗೆ ಹೊರಟಿದ್ದೇವೆ, ಎರಡು ರಾತ್ರಿಯ ಮಟ್ಟಿಗೆ. ಬಸ್ಸಿಗೆ ಬುತ್ತಿ ಕಟ್ಟಿದರೆ ಜೊತೆಗೇ ಕೂರುವುದಿಲ್ಲ ಎಂದು ನಿನ್ನ ಮೊಮ್ಮಗಳು ಹೆದರಿಸಿದ್ದಾಳೆ. ನಾನು ಆಗಲೇ ಕೋಳಿ ತಂದಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಅಲ್ಲಿನ ಹಳೇ ಕೋಟೆಯೊಳಗಿನ ಒಂದು ಮನೆಗೆ ಫೋನ್ ಮಾಡಿ ಬಾಡಿಗೆಗೆ ಕೋಣೆ ಕೇಳಿದೆ. ಮನೆಯೊಡತಿ ವಿದೊಸಾವಾ ಹೆಮ್ಮೆಯಿಂದ, "ಎದುರುಬದುರು ಎರಡು ಕಿಟಕಿ ಇದೆ ನೋಡಿ. ಎರಡೂ ತೆಗೆದಿಟ್ರೆ ರಾತ್ರಿಯೆಲ್ಲ ಸಮುದ್ರದ ಗಾಳಿ, ಫ್ಯಾನೇ ಬೇಡ," ಅಂದಳು.

ನನ್ನ ಬಾಯಿಂದ ಬಂದದ್ದು ಕೇಳು: "ಅಯ್ಯೋ, ಗಾಳಿ ಹಾಗೆ ಅಡ್ಡ ಹಾದ್ರೆ ಕತ್ತು ಹಿಡ್ಕೊಳ್ಳಲ್ವಾ? ಕಿವಿನೋವು ಬಂದ್ರೆ ಯಾರು ನೋಡ್ಕೋತಾರೆ?"

ತಿಯಾನಾ ಬಿದ್ದು ಬಿದ್ದು ನಕ್ಕಳು. "ಅಜ್ಜಿ ಎದ್ದು ಬಂದ್ಲು!"

ಫೋನಿನ ಆ ಕಡೆಯೂ ನಗು. "ನಮ್ಮಮ್ಮಂದೂ ಇದೇ ರಾಗ. ಚಿಂತೆ ಬಿಡಿ, ಒಂದು ಕಿಟಕಿ ಮುಚ್ಚಿರ್ತೀನಿ."

ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನನ್ನ ಹೆರಿಗೆಯ ಕೋಣೆಯಲ್ಲೂ ನನ್ನ ಹಿಂದೆಯೇ ಬಂದು ಎಷ್ಟು ಕಿಟಕಿ ಮುಚ್ಚಿದೆ ನೀನು! ನಾನು ರೇಗುತ್ತಿದ್ದೆ. ಆದರೂ ಈ ಕತ್ತು ಒಂದು ದಿನವೂ ಹಿಡಿದುಕೊಂಡಿಲ್ಲ, ಅಮ್ಮಾ. ಎಲ್ಲ ನಿನ್ನ ಪುಣ್ಯ. ಮುಂದಿನ ಬೇಸಿಗೆಗೆ ಮೂವರೂ ಕೋಟೊರ್‌ಗೆ ಹೋಗೋಣ ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತಿದ್ದೆವಲ್ಲ.

ಫೋನ್ ಇಡುವ ಮುನ್ನ ವಿದೊಸಾವಾ ಕೇಳಿದಳು: "ಕೋಣೇಲಿ ಮೂರು ಮಂಚ ಇದೆ. ನೀವಿಬ್ರೇ ತಾನೆ? ಒಂದು ತೆಗೆಸ್ಲಾ?"

"ಬೇಡ, ಇರ್ಲಿ. ಮೂರನೇದು ಯಾವ ಕಡೆಗಿದೆ?"

"ಮುಚ್ಚಿರೋ ಕಿಟಕಿ ಪಕ್ಕ."

"ಹಾಗಾದ್ರೆ ಅದ್ರ ಮೇಲೂ ಒಂದು ಹೊದಿಕೆ ಇಟ್ಟಿರಿ," ಅಂದೆ. "ದಪ್ಪಂದು."