ಐದಡಿ ಒಂದಿಂಚು

ಫೆಬ್ರವರಿ ೧೮, ಬುಧವಾರ
ಮಧ್ಯಾಹ್ನ, ಹಿತ್ತಿಲ ಮೆಟ್ಟಿಲ ಮೇಲೆ ಕೂತು

ಪ್ರೀತಿಯ ಆಚೆಮನೆಗೆ,

ಮೊದಲು ಬೈದುಬಿಡು, ಆಮೇಲೆ ಓದು. ಎರಡು ವರ್ಷ ನಾಲ್ಕು ತಿಂಗಳು ತಡವಾಗಿ ಬರೆಯುವ ಕಾಗದಕ್ಕೆ ಯಾವ ಕ್ಷಮೆಯ ಮಾತು ಹೊಂದೀತು ಎಂದು ಬೆಳಗಿನಿಂದ ಹುಡುಕಿದೆ. ಬೇರೆಯವರ ಪುಸ್ತಕಗಳ ಕರಡು ತಿದ್ದಿ ಬದುಕುವವಳಿಗೆ ತನ್ನದೇ ಒಂದು ಸಾಲು ನೆಟ್ಟಗೆ ಕೂರಲಿಲ್ಲ. ಹೇಗಿದ್ದೀಯ? ಮಗಳು ಈಗ ನಿನ್ನ ಭುಜಕ್ಕೆ ಬಂದಿರಬೇಕು. ನೀನು ಅಲ್ಲೂ ಹೊಲಿಯುತ್ತಿದ್ದೀಯ ಎಂದು ತಿಳಿದು ಸಮಾಧಾನವಾಯಿತು.

ತಿಳಿದದ್ದು ಗುಂಡಿ ಅಂಗಡಿಯವರಿಂದ. ನೀನು ದಾರ, ಲೈನಿಂಗ್ ಬಟ್ಟೆ ತರುತ್ತಿದ್ದ ಅಂಗಡಿಗೆ ನಿನ್ನೆ ಹೋಗಿ ವಿಳಾಸ ಕೇಳಿದೆ. ಅವರು ಗಲ್ಲಾಪೆಟ್ಟಿಗೆಯ ಅಡಿಯಿಂದ ಮಡಿಚಿದ ಚೀಟಿ ತೆಗೆದರು. "ಹೋದ ವರ್ಷದಿಂದ ಇಲ್ಲೇ ಇದೆ ಅಮ್ಮಾ. ಈಚೆಮನೆಯವರು ಕೇಳಿದ್ರೆ ಕೊಡಿ, ಕೇಳದಿದ್ರೆ ಬೇಡ ಅಂದಿದ್ರು. ನೀವು ಗುಂಡಿ ತಗೊಂಡ್ರಿ, ಝಿಪ್ ತಗೊಂಡ್ರಿ, ಇದೊಂದನ್ನ ಮಾತ್ರ ಕೇಳ್ಲೇ ಇಲ್ಲ" ಎಂದರು. ನಾಚಿಕೆಗೆ ನಾಲ್ಕು ಗಜ ಲೇಸು ಕೊಂಡು ತಂದೆ. ಮನೆಯಲ್ಲಿ ಅದನ್ನು ಯಾವುದಕ್ಕೆ ಹಚ್ಚುವುದೋ ಗೊತ್ತಿಲ್ಲ.

ಬರೆಯಲು ಕಾರಣ ನಮ್ಮ ಗೋಡೆ. ನಿಮ್ಮ ಮನೆಯನ್ನು ಕೊಂಡವರು ಕಬ್ಬಿಣದ ಅಂಗಡಿಯವರು, ಒಳ್ಳೆಯ ಜನವೇ. ಮೊನ್ನೆ ಗಾರೆಯವರನ್ನು ಕರೆತಂದು ಅಳೆಸುತ್ತಿದ್ದರು. "ಏಳಡಿಗೆ ಏರಿಸ್ತೀನಿ ಮೇಡಂ, ಕಾಲ ಕೆಟ್ಟಿದೆ ನೋಡಿ" ಎಂದರು. ನನ್ನ ಬಾಯಿಂದ ಥಟ್ಟನೆ ಬಂತು: "ಸ್ವಲ್ಪ ದಿನ ತಡೀರಿ, ಇಲ್ಲೊಂದು ಪಂದ್ಯ ಬಾಕಿ ಇದೆ."

"ಪಂದ್ಯವಾ? ಇಲ್ಲಿ?" ಅವರು ಗೋಡೆಯನ್ನೂ ನನ್ನ ನರೆಗೂದಲನ್ನೂ ಒಂದೊಂದು ಸಲ ನೋಡಿದರು.

ವರಾಂಡದಲ್ಲಿ ಪೇಪರಿನ ಹಿಂದೆ ಕೂತಿದ್ದ ನಮ್ಮ ಮನೆಯವರು ತಲೆ ಎತ್ತದೆ ಹೇಳಿದರು: "ಅಂತಾರಾಷ್ಟ್ರೀಯ ಪಂದ್ಯ ಸಾರ್. ಹದಿಮೂರು ವರ್ಷದಿಂದ ನಡೀತಿದೆ, ಫಲಿತಾಂಶ ಇನ್ನೂ ಬಂದಿಲ್ಲ."

ಪಾಪ, ಅವರು ಮಾರ್ಚ್ ಎರಡರ ಸೋಮವಾರದ ತನಕ ಕೆಲಸ ಮುಂದೂಡಿದ್ದಾರೆ.

ಅವತ್ತಿನಿಂದ ಗೋಡೆಯನ್ನು ನೋಡುವುದೇ ನನ್ನ ಕೆಲಸವಾಗಿದೆ. ಮಧ್ಯಾಹ್ನದ ಬಿಸಿಲು ಅದರ ನೆತ್ತಿಯ ಮೇಲೆ ಬೆಕ್ಕಿನಂತೆ ಮಲಗಿರುತ್ತದೆ. ನೋಡುತ್ತ ನೋಡುತ್ತ ಆ ಮೊದಲ ದಿನ ತಾನಾಗಿ ಬರುತ್ತದೆ. ನೀನು ಬಂದು ವಾರವಾಗಿರಲಿಲ್ಲ. ನಾನು ಇಲ್ಲಿ ಒಬ್ಬಳೇ ಶಟಲನ್ನು ಮೇಲಕ್ಕೆ ಹೊಡೆದು ನಾನೇ ಹಿಡಿಯುತ್ತಿದ್ದೆ. ಗಾಳಿ ಅದನ್ನು ಆಚೆಗೆ ಒಯ್ದಿತು. ಒಂದು ಕೈ ಮೇಲೆದ್ದಿತು, ಅದರಲ್ಲಿ ಶಟಲ್. ಆಮೇಲೆ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡ ಮುಖ. "ಇದು ಹಕ್ಕೀನೋ, ಆಟದ ಸಾಮಾನೋ?" ಎಂದೆ ನೀನು.

ಆಟವಾಡಲು ನೆಟ್ಟು ಬೇಕು ಎಂದೆ ನಾನು. "ಗೋಡೆ ಇದೆಯಲ್ಲ" ಎಂದು ನೀನು ಟೇಪು ಬಿಟ್ಟು ಅಳೆದೆ. ಐದಡಿ ಒಂದಿಂಚು! ನಾನು ಕುಣಿದದ್ದು ನೋಡಿ ನಿನಗೆ ಗಾಬರಿಯಾಯಿತು. ಶಟಲ್ ಆಟದ ನೆಟ್ಟಿಗೆ ಕಂಬದ ಬಳಿ ಇರಬೇಕಾದ ಎತ್ತರ ಅಷ್ಟೇ, ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವ ಗಾರೆಯವನು ಯಾವ ಗುಂಗಿನಲ್ಲಿ ಕಟ್ಟಿದನೋ.

ನನ್ನ ಆಟದ ಹುಚ್ಚು ನಿನಗೆ ಗೊತ್ತು. ಹುಡುಗಿಯಾಗಿದ್ದಾಗ ಪದ್ಯದ ಪುಸ್ತಕದೊಳಗೆ ಸಣ್ಣ ರೇಡಿಯೋ ಇಟ್ಟುಕೊಂಡು ವೀಕ್ಷಕ ವಿವರಣೆ ಕೇಳುತ್ತಿದ್ದೆ. ಅಪ್ಪ, ಮಗಳು ಕವಿತೆ ಓದಿ ಕಣ್ಣೀರಿಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಸೋತದ್ದಕ್ಕೆ ಅತ್ತಿರುತ್ತಿದ್ದೆ. ಎಂ.ಎ. ಓದುವಾಗ ಕಾಲೇಜಿನ ಶಟಲ್ ತಂಡದಲ್ಲಿದ್ದೆ. ಮದುವೆಯಾಗಿ ಬಂದಾಗ ಟ್ರಂಕಿನಲ್ಲಿ ಪುಸ್ತಕಗಳ ನಡುವೆ ದಿಂಬಿನ ಚೀಲದಲ್ಲಿ ಸುತ್ತಿದ ಎರಡು ಬ್ಯಾಟು. ಅತ್ತೆ ಅವನ್ನು ಹೊರತೆಗೆದು, "ಹುಡುಗಿ ಸಂಸಾರ ಮಾಡೋಕೆ ಬಂದಿದಾಳೋ, ಸೊಳ್ಳೆ ಹೊಡಿಯೋಕೋ?" ಎಂದಿದ್ದರು. ಎರಡನೆಯ ಬ್ಯಾಟು ನಿನಗಾಗಿ ಹನ್ನೆರಡು ವರ್ಷ ಟ್ರಂಕಿನಲ್ಲೇ ಕಾದಿತ್ತು ನೋಡು.

ನಿನಗೆ ಕಲಿಸಿದ್ದು ನಾನೇ, ಆರು ತಿಂಗಳಲ್ಲಿ ನನ್ನನ್ನು ಸೋಲಿಸತೊಡಗಿದ್ದು ನೀನು. ಕತ್ತರಿ ಹಿಡಿದ ಕೈಗೆ ಗುರಿ ಕಲಿಸಬೇಕೆ? ನಾಲ್ಕೂವರೆಗೆ ಗಾಳಿ ನಿಲ್ಲುತ್ತಿತ್ತು, ನಿನ್ನ ಹೊಲಿಗೆಯಂತ್ರವೂ ನಿಲ್ಲುತ್ತಿತ್ತು. ಬೆಳಗಿನ ಪಾಳಿ ಮುಗಿಸಿ ನೀರಿನ ಪಂಪ್ ಹೌಸಿನಿಂದ ಬಂದ ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ "ಔಟ್!" ಎನ್ನುತ್ತಿದ್ದರು. "ನೋಡ್ದೇನೇ ಹೇಗೆ ಹೇಳ್ತೀರಾ ಅಣ್ಣಾ?" ಎಂದು ನೀನು ಕೂಗಿದರೆ, "ಇಪ್ಪತ್ತು ವರ್ಷ ಸಂಸಾರ ಮಾಡಿದೀನಮ್ಮಾ, ಇವಳ ಹೊಡೆತ ಎಲ್ಲಿ ಬೀಳುತ್ತೆ ಗೊತ್ತಿಲ್ವಾ?" ಎನ್ನುತ್ತಿದ್ದರು. ಅತ್ತೆಯ ಮಾತೇ ಬೇರೆ. "ಈ ಇಬ್ಬರು ಹೆಂಗಸರು ಗೋಡೆ ಮೇಲೆ ಕೋಳಿ ಎಸೆದಾಡ್ತಾರೆ, ಅಂಗಳದ ತುಂಬ ಪುಕ್ಕ ಗುಡಿಸೋದು ನಾನು." ಬಾಯಲ್ಲಿ ಬೈಗುಳ, ಗೋಡೆಯ ನಮ್ಮ ಬದಿಯಲ್ಲಿ ಗೆದ್ದವರ ಹೆಸರಿಗೆ ಸುಣ್ಣದ ಗೆರೆ ಎಳೆಯುತ್ತಿದ್ದವರೂ ಅವರೇ. ನಿನ್ನ ಗೆರೆಗಳನ್ನು ಸ್ವಲ್ಪ ಉದ್ದ ಎಳೆಯುತ್ತಿದ್ದರು ಎಂದು ನನಗೆ ಈಗಲೂ ಗುಮಾನಿ. ಅತ್ತೆ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಹಿತ್ತಿಲ ಕಡೆ ಮುಖ ಮಾಡಿ, "ಆ ಹುಡುಗಿ ಯಾಕೆ ಆಟಕ್ಕೆ ಬರ್ತಿಲ್ಲ?" ಎಂದು ಕೇಳುತ್ತಿದ್ದರು. ನಾನು ದಿಂಬು ಸರಿಪಡಿಸುತ್ತಿದ್ದೆ.

ನನಗೆ ಈಗಲೂ ಕನಸಿನಲ್ಲಿ ಕಾಣುವುದು ಆಟವಲ್ಲ ಕಣೇ, ಶಟಲ್ ಮೇಲಕ್ಕೇರಿ ತುದಿಯಲ್ಲಿ ಒಂದು ಗಳಿಗೆ ನಿಲ್ಲುವುದು. ಬೀಳಲೋ, ಬೇಡವೋ ಎಂದು ಯೋಚಿಸುವಂತೆ. ನಿನ್ನ ಬದಿಯ ತಂತಿಯ ಮೇಲೆ ಒದ್ದೆ ಚಾದರಗಳು, ನನ್ನ ಬದಿಯಲ್ಲಿ ತೊಳೆದ ಪಾತ್ರೆಗಳ ಹೊಳಪು, ನಡುವೆ ಬಿಳಿಯದೊಂದು ಚೂರು ಯಾರ ಮನೆಗೂ ಸೇರದೆ ತೇಲುತ್ತದೆ. ನಮ್ಮಿಬ್ಬರ ಮುಖ ಮೇಲಕ್ಕೆ. ಒಲೆ ಮೇಲಿನ ಹಾಲು, ನಾಳೆ ಕೊಡಬೇಕಾದ ಕರಡು, ಗುಂಡಿ ಹೊಲಿಯದ ಹನ್ನೆರಡು ಸಮವಸ್ತ್ರ ಯಾವುದೂ ಆ ಗಳಿಗೆಯಲ್ಲಿ ಇರುವುದಿಲ್ಲ. ಎಷ್ಟು ಕವಿತೆ ಓದಿದರೂ ಆ ಎತ್ತರ ನನಗೆ ಮತ್ತೆ ಸಿಕ್ಕಿಲ್ಲ.

ಉಳಿದ ಹೊತ್ತಿನಲ್ಲೂ ಗೋಡೆ ನಮ್ಮನ್ನು ಬೇರೆ ಮಾಡುತ್ತಿರಲಿಲ್ಲ. ನಿನ್ನ ಯಂತ್ರದ ಟಕಟಕದ ಲಯಕ್ಕೆ ನಾನು ಪದ್ಯ ಓದಿಕೊಳ್ಳುತ್ತಿದ್ದೆ. ಅದು ನಿಂತರೆ ನಾನೂ ಸಾಲಿನ ನಡುವೆ ನಿಲ್ಲುತ್ತಿದ್ದೆ, ದಾರ ತುಂಡಾಯಿತೇನೋ ಎಂದು. ಪಂದ್ಯವಿದ್ದ ದಿನ ನಾನು ರೇಡಿಯೋವನ್ನು ಅಡುಗೆಮನೆಯ ಕಿಟಕಿಯಲ್ಲಿ ಇಡುತ್ತಿದ್ದೆ, ನಿನಗೂ ಕೇಳಲಿ ಎಂದು. ಆದರೂ ನೀನು ಯಂತ್ರ ನಿಲ್ಲಿಸಿ ಆಚೆಯಿಂದ ಕೂಗುತ್ತಿದ್ದೆ: "ಎಷ್ಟಾಯ್ತೇ ಸ್ಕೋರು?"

ಒಂದು ವಾರ ನೀನು ಎಡಗೈಯಲ್ಲಿ ಆಡಿದ್ದು ನೆನಪಿದೆಯೇ? "ಬಲಗೈಗೆ ರಜೆ ಕೊಟ್ಟಿದೀನಿ ಕಣೇ. ನೀನೂ ಒಂದ್ಸಲ ಗೆಲ್ಲು, ಬಡಪಾಯಿ" ಎಂದಿದ್ದೆ. ನಾನು ಗೆದ್ದೆ. ಇಪ್ಪತ್ತೊಂದು–ಆರು, ಇಪ್ಪತ್ತೊಂದು–ಒಂಬತ್ತು. ಆರು ದಿನ, ಆರು ಗೆರೆ. ಅತ್ತೆ ಆ ಗೆರೆಗಳನ್ನು ಎಳೆಯಲು ಒಪ್ಪದೆ ಸುಣ್ಣದ ಬಟ್ಟಲನ್ನು ನನ್ನ ಕೈಗೇ ಕೊಟ್ಟರು.

ಸಂಜೆ ಐದೂ ಇಪ್ಪತ್ತಾದರೆ ಸಾಕು, ಎಂಥ ಬಿಗಿ ಆಟವಿರಲಿ, ನೀನು ಬ್ಯಾಟನ್ನು ಗೋಡೆಯ ಮೇಲಿಂದ ನನಗೆ ದಾಟಿಸಿ, "ನಿನ್ನ ಹತ್ರಾನೇ ಇರ್ಲಿ" ಎಂದು ಮುಖ ತೊಳೆಯಲು ಓಡುತ್ತಿದ್ದೆ. ಐದೂವರೆಗೆ ನಿಮ್ಮ ಯಜಮಾನರ ಸ್ಕೂಟರು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಕೈಮುಗಿಯುವ ಮನುಷ್ಯ, ನನಗೂ ಮುಗಿಯುತ್ತಿದ್ದರು. ನಿನ್ನ ಶಿಸ್ತನ್ನು ನಾನು ಮನೆಯಲ್ಲೆಲ್ಲ ಹೊಗಳುತ್ತಿದ್ದೆ.

ಕೊನೆಯ ದಿನ ಹದಿನಾಲ್ಕು–ಹದಿಮೂರು. ನೀನು ಒಂದು ಮುಂದಿದ್ದೆ. ನಾನು ಹೊಡೆದ ಶಟಲ್ ನಿಮ್ಮ ಸಜ್ಜದ ಮೇಲೆ ಹೋಗಿ ಕೂತಿತು. "ನಾಳೆ ನೋಡೋಣ" ಎಂದು ನೀನು ಬ್ಯಾಟು ದಾಟಿಸಿದೆ. ಮರುದಿನ ಬೆಳಿಗ್ಗೆ ನೀನೂ ಮಗಳೂ ಇರಲಿಲ್ಲ. ಹೊಲಿಗೆಯಂತ್ರವೂ ಇರಲಿಲ್ಲ. ಮೂರು ತಿಂಗಳಿಗೆ ನಿಮ್ಮ ಯಜಮಾನರು ಮನೆ ಮಾರಿ, ಎಲ್ಲರಿಗೂ ಕೈಮುಗಿದು ಹೋದರು.

ಮೊನ್ನೆ ಗಾರೆಯವರು ಸಜ್ಜ ಗುಡಿಸುತ್ತ ಕಸದ ಜೊತೆ ಏಳು ಶಟಲ್ ಕೆಳಗೆ ತಳ್ಳಿದರು. ಆರು ಮಣ್ಣಾಗಿದ್ದವು. ಏಳನೆಯದು ಮೂಲೆಯಲ್ಲಿ ಒಣಗಿ ಉಳಿದಿತ್ತು. ಮುರಿದ ಗರಿಗಳನ್ನು ನೀನು ಹಸಿರು ದಾರದಲ್ಲಿ ಹೊಲಿದಿದ್ದೆಯಲ್ಲ, ಅದೇ. ಗರಿ ಹಳದಿಯಾಗಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ. ಅದನ್ನು ಈ ಕಾಗದದ ಜೊತೆ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೇನೆ.

ಬಾ. ಮಾರ್ಚ್ ಒಂದರ ಭಾನುವಾರದೊಳಗೆ ಒಂದು ಸಂಜೆ ಬಾ. ಮಗಳನ್ನೂ ಕರೆದುಕೊಂಡು ಬಾ. ಆಟವನ್ನು ಹದಿನಾಲ್ಕರಿಂದಲೇ ಹಿಡಿಯೋಣ. ಕಬ್ಬಿಣದ ಅಂಗಡಿಯವರನ್ನು ಕೇಳಿದ್ದೇನೆ, ಅವರ ಬದಿಯಲ್ಲಿ ನಿಲ್ಲಲು ಅಡ್ಡಿಯಿಲ್ಲವಂತೆ. ಅವರ ಹೆಂಡತಿಗೆ ನೋಡುವ ಆಸೆಯೂ ಇದೆಯಂತೆ. ಆ ಕಡೆ ನಿಲ್ಲಲು ನಿನಗೆ ಮನಸ್ಸಾಗದಿದ್ದರೆ ಹೇಳು, ಅಲ್ಲಿ ನಾನು ನಿಲ್ಲುತ್ತೇನೆ.

ಮಗಳಿಗೆ ನನ್ನ ಆಶೀರ್ವಾದ. ಅವಳ ಕೈಗೆ ಕತ್ತರಿಯೋ, ಬ್ಯಾಟೋ, ಪುಸ್ತಕವೋ, ಅವಳಿಗೆ ಬೇಕಾದ್ದು ಸಿಗಲಿ. ಅದನ್ನು ಯಾರೂ ಕಸಿಯದಿರಲಿ. ನಿನ್ನ ಯಂತ್ರದ ಸದ್ದು ನಿಲ್ಲದಿರಲಿ.

ಇಂತು,
ನಿನ್ನ ಈಚೆಮನೆ

ಮತ್ತೆ: ಇದು ಬರೆಯಲು ಮರೆತದ್ದಲ್ಲ. ಸಹಿ ಹಾಕಿದ ಮೇಲೆ ಧೈರ್ಯ ಬಂದೀತು ಎಂದು ಉಳಿಸಿಕೊಂಡದ್ದು.

ನೀನು ಎಡಗೈಯಲ್ಲಿ ಆಡಿದ ಮೊದಲ ದಿನದ ಹಿಂದಿನ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಕಿಟಕಿಯಲ್ಲಿ ರೇಡಿಯೋ, ಫೈನಲ್ ಪಂದ್ಯ. ಗೋಡೆಯಾಚೆ ಸ್ಟೂಲು ಉರುಳಿದ ಸದ್ದಾಯಿತು. ಆಮೇಲೆ ನಿನ್ನ ದನಿ. ಕೂಗಲಿಲ್ಲ ನೀನು, ಬೇಡಿಕೊಂಡೆ: "ಕೈ ಬಿಡ್ರೀ, ಬಲಗೈ ಒಂದು ಬಿಡ್ರೀ, ನಾಳೆ ಕತ್ತರಿ ಹಿಡೀಬೇಕು."

ನಾನು ಕೈ ಚಾಚಿ ರೇಡಿಯೋದ ಧ್ವನಿ ಏರಿಸಿದೆ. ವಿವರಣೆ ಕೇಳುತ್ತಿರಲಿಲ್ಲವೆಂದಲ್ಲ. ನಿನ್ನ ಮಾತು ಕೇಳುತ್ತಿತ್ತು, ಅದಕ್ಕೆ.

ಮರುದಿನ ನಿನ್ನ ಮಣಿಕಟ್ಟಿಗೆ ಸುತ್ತಿದ್ದ ಲೈನಿಂಗ್ ಬಟ್ಟೆ ನೋಡಿದೆ. ಒಂಬತ್ತು ದಿನ ಯಂತ್ರ ಓಡಲಿಲ್ಲ, ಅದನ್ನೂ ಎಣಿಸಿದೆ. ಎಣಿಸಿಕೊಂಡೇ ನಿನ್ನೊಡನೆ ಆಡಿದೆ, ಗೆದ್ದೆ, ಬೀಗಿದೆ. ಆವತ್ತು ಆ ಫೈನಲ್ ಯಾರು ಗೆದ್ದರೋ ನನಗೆ ನೆನಪಿಲ್ಲ. ಹತ್ತನೇ ವಯಸ್ಸಿನಲ್ಲಿ ಕೇಳಿದ ಪಂದ್ಯದ ಸ್ಕೋರನ್ನೂ ಈಗ ಹೇಳಬಲ್ಲೆ, ಅದೊಂದು ಗೊತ್ತಿಲ್ಲ. ನನ್ನ ರೇಡಿಯೋ ಏರಿದ್ದು ನಿನಗೆ ಕೇಳಿಸಿತ್ತು. ಆ ಸಂಜೆಯ ಮೇಲೆ ನೀನು ಆಚೆಯಿಂದ ಒಂದು ಸಲವೂ "ಎಷ್ಟಾಯ್ತೇ ಸ್ಕೋರು" ಎಂದು ಕೇಳಲಿಲ್ಲ.

ನನ್ನ ಮುಂಬಾಗಿಲಿನಿಂದ ನಿನ್ನ ಮುಂಬಾಗಿಲಿಗೆ ನಲವತ್ತೊಂದು ಹೆಜ್ಜೆ. ಇವತ್ತು ನಡೆದು ನೋಡಿದೆ.

ಆ ಆರು ಗೆರೆಗಳನ್ನು ಬೆಳಿಗ್ಗೆ ಉಜ್ಜಿ ತೊಳೆದೆ. ಉಳಿದವು ಹಾಗೇ ಇವೆ, ನಿನ್ನವೇ ಹೆಚ್ಚು. ಈ ಶಟಲನ್ನು ಹಿಡಿದು ನೀನು ಬರಬಹುದು, ಬರದಿರಬಹುದು. ಓದಿ ಮುಗಿಸಿ ಒಲೆಗೆ ಹಾಕಿದರೂ ನಾನು ಬೇಸರ ಮಾಡಲಾರೆ. ಹದಿನಾಲ್ಕು–ಹದಿಮೂರು. ಸರ್ವ್ ನಿನ್ನದು.