ಫಿರಂಗಿಯಾದ ಹೊಂಗೆ ತೋಪು

ಮಾನ್ಯ ತಹಸೀಲದಾರ ಸಾಹೇಬರೇ,

ಬರುವ ಸೋಮವಾರ ನಮ್ಮೂರ ಹಳ್ಳದ ಹೊಂಗೆ ತೋಪನ್ನು ಕಡಿಯಬೇಕೆಂದು ತಮ್ಮ ಹುಕುಂ ಆಗಿದೆ. ಮರಗಳ ಅಪರಾಧ ಅವುಗಳ ಹೆಸರು. ಕನ್ನಡದಲ್ಲಿ ತೋಪೆಂದರೆ ಮರಗಳ ಗುಂಪು. ತಮ್ಮ ದಫ್ತರದ ಉರ್ದುವಿನಲ್ಲಿ ಗುಂಡು ಹಾರಿಸುವ ಫಿರಂಗಿ. ಗುಂಪಿಗೂ ಗುಂಡಿಗೂ ನಡುವಿನ ಆ ಒಂದಕ್ಷರಕ್ಕೆ ಶೇಖರಮ್ಮನ ಅನ್ನ ಹೋಗಬೇಕೆ?

ಶೇಖರಮ್ಮ ಆ ತೋಪಿನ ಬೀಜ ಆರಿಸಿ, ಗಾಣಕ್ಕೆ ಹಾಕಿಸಿ ಬದುಕುವ ವಿಧವೆ. ಸೀಮೆಎಣ್ಣೆ ಸಿಗದ ಈ ಕಾಲದಲ್ಲಿ ಊರಿಗೆಲ್ಲ ಅವಳ ಎಣ್ಣೆಯದೇ ಬೆಳಕು. ಯಲಬುರ್ಗಾದಿಂದ ಊರೂರು ತಪಾಸಣೆಯ ದೌರೆಗೆ ಬಂದ ತಾವು ಮಧ್ಯಾಹ್ನ ಚಾವಡಿಯಲ್ಲಿದ್ದಾಗ ಕಿವಿ ಕೊರೆಯುವ ಸದ್ದು ಕೇಳಿಸಿತು. ತಮ್ಮ ದೀಪಕ್ಕೇ ಎಣ್ಣೆ ತಂದಿದ್ದ ಅವಳನ್ನು ಸಿಪಾಯಿಯ ಮೂಲಕ, ಸದ್ದು ಯಾವುದರದೆಂದು ವಿಚಾರಿಸಿದಿರಿ.

“ತೋಪಿಂದ್ರೀ ಸರಕಾರ. ಹಳ್ಳದ ದಂಡಿಗೆ ಐತಿ. ಬ್ಯಾಸಗ್ಯಾಗ ದಿನಾ ಒದರತೈತಿ.”

ಸಿಪಾಯಿ ಉಳಿದೆಲ್ಲವನ್ನೂ ಉರ್ದುವಿಗೆ ತಂದ. ತೋಪನ್ನು ಮಾತ್ರ ಹಾಗೇ ಎಳೆದು ತಂದ. ಸಂಸ್ಥಾನದ ಗಡಿಯ ಎರಡೂ ಬದಿ ಜನ, ಯುದ್ಧ ಬಂದೀತೆಂದು ಉಸಿರು ಬಿಗಿಹಿಡಿದಿರುವ ದಿನಗಳಿವು. ಪೋಲೀಸರು ತೋಪನ್ನು ಸುತ್ತುವರಿದರು. ಅಲ್ಲಿಯವರೆಗೆ ಒದರುತ್ತಿದ್ದ ಜೀರುಂಡೆಗಳು ಕಾಲ ಸಪ್ಪಳಕ್ಕೆ ಥಟ್ಟನೆ ಸುಮ್ಮನಾದವು. ಅದು ಅವುಗಳ ಹುಟ್ಟುಗುಣ. ತಮಗದು ಸಂಚಿನ ಗುರುತು. ಕಾಂಡಗಳಿಗೆ ಅಂಟಿದ್ದ, ಬೆನ್ನು ಸೀಳಿದ ಅವುಗಳ ಪೊರೆಗಳನ್ನು ಜಮಾದಾರ ರುಜುವಾತಿಗೆಂದು ಪೊಟ್ಟಣ ಕಟ್ಟಿಕೊಂಡ.

ಕೊನೆಗೆ ಬಂಡಿ ಹೊಡೆಯುವ ಮಕ್ಬುಲಸಾಬ ಕೈಮುಗಿದ: “ತೋಪ್ ನಹೀಂ ಸಾಬ್, ಝಾಡಾಂ ಹೈ, ಝಾಡಾಂ.”

ತಾವು ಕತ್ತೆತ್ತಿ ನೋಡಿದಿರಿ. ಮರಗಳೇ ಇದ್ದವು. ತಾವು ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದುರದೃಷ್ಟಕ್ಕೆ ನಕ್ಕವನು ಸಿಪಾಯಿ. ಕೂಡಲೇ ಹುಕುಂ ಬಂತು: ಇದು ಮುಂದೆ ಅಡಗುತಾಣವಾದೀತು, ಕಡಿಯಿರಿ. ತೋಪು ಹುಡುಕಲು ಬಂದವರು ನಮಗೆ ಟೋಪಿ ಹಾಕಿ ಹೋದಿರಿ.

ಅಲ್ಲಿ ಅಡಗಿರುವವರು ಇದ್ದಾರೆ, ಒಪ್ಪುತ್ತೇನೆ. ಜೀರುಂಡೆಯ ಮರಿಗಳು ವರ್ಷಗಟ್ಟಲೆ ಹೊಂಗೆಯ ಬೇರಿನ ರಸ ಹೀರುತ್ತ ಭೂಗತವಾಗಿರುತ್ತವೆ. ಮೇಲೆ ಬಂದು, ಪೊರೆ ಕಳಚಿ, ಕೆಲವು ವಾರ ಹಾಡಿ ಸಾಯುತ್ತವೆ. ಮರ ಹೋದರೆ ಅವು ಯಾವ ಬೇರಿಗೆ ಬಾಯಿಡಬೇಕು? ಶೇಖರಮ್ಮ ಯಾವ ನೆರಳಲ್ಲಿ ಬೀಜ ಆರಿಸಬೇಕು?

ಸೋಮವಾರ ಕೊಡಲಿಗಳಿಗಿಂತ ಮೊದಲು ತಾವೊಬ್ಬರೇ ಬನ್ನಿ. ಒಂದು ಹೊಂಗೆಯ ಕೆಳಗೆ ಅಲುಗದೆ ಕುಳಿತುಕೊಳ್ಳಿ. ಹಾಡು ಮತ್ತೆ ಶುರುವಾದಾಗ ಹುಕುಮಿನಲ್ಲಿರುವ ‘ತೋಪ್’ ಹೊಡೆದುಹಾಕಿ ‘ಝಾಡ್’ ಎಂದು ಬರೆಯಿರಿ, ಕಡಿಯಕೂಡದೆಂದು ರುಜು ಹಾಕಿ. ಶೇಖರಮ್ಮನನ್ನು ಮಾತ್ರ ಏನೂ ಕೇಳಬೇಡಿ. ಆ ದಿನದಿಂದ ಅವಳು, ತಲೆಯ ಮೇಲೇ ಜೀರುಂಡೆ ಒದರುತ್ತಿದ್ದರೂ, “ನನಗೇನೂ ಕೇಳ್ಸೂದಿಲ್ರಿ” ಎನ್ನುತ್ತಾಳೆ.

ಇಂತಿ,
ತೋಪಿನ ನೆರೆಯವ
(ಮನೆಯಲ್ಲಿರುವ ಮದ್ದು ಕೆಮ್ಮಿಗೆ ಮಾತ್ರ)