ಸಿಂಗಾಪುರದ ತನಕ

ಬಸವನ ಬಾಗೇವಾಡಿ
18 ನವೆಂಬರ್ 2024

ಚಿ. ಸೌ. ಸಾಕ್ಷಿಗೆ ನಿನ್ನ ಅವ್ವನ ಜೈಭೀಮ.

ನೀನು, ಅಳಿಯ ಅರುಣಕುಮಾರ, ನಾನು ಇನ್ನೂ ಎತ್ತಿಕೊಳ್ಳದ ನಿನ್ನ ಕೂಸು, ಮೂವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವು ಊರಿಗೆ ಬಂದು ಎರಡು ವಾರದ ಮೇಲಾಯಿತು. ನಿನ್ನ ಫೋನು ಬಂದಾಗಲೆಲ್ಲ ನಿನ್ನ ತಮ್ಮ ಸಂಜೀವನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಟ್ಟೆ. ತಪ್ಪು ತಿಳಿಯಬೇಡ. ಬಾಯಿ ತೆರೆದರೆ ಅಳು ಬರುತ್ತಿತ್ತು. ಮಸೂತಿ ಊರಿನ ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಇದು, ಬರೆಯುವಾಗ ಸ್ವಲ್ಪ ಹತೋಟಿಯಲ್ಲಿರುತ್ತದೆ. ಅದಕ್ಕೇ ತಡವಾದರೂ ಈ ಕಾಗದ.

ಸಿಂಗಾಪುರಕ್ಕೆ ನಮ್ಮನ್ನು ಕಳಿಸಿದವಳು ನೀನು. ಏನೇನು ಕಂಡೆನೆಂದು ನಿನಗೆ ಹೇಳಬೇಕಲ್ಲವೇ? ಹೊರಡುವಾಗ ಸಂಜೀವ ನನಗೆ ಹೇಳಿದ್ದು ಇಷ್ಟು: "ಮೆಲ್ಬರ್ನಿಗೆ ಹೋಗೋ ದಾರ್ಯಾಗ ಎರಡು ದಿನ ಸಿಂಗಾಪುರ ನೋಡೂಣು. ಅಕ್ಕನ ಊರಿನ ವೀಸಾ ಅಷ್ಟರಾಗ ಫೋನಿಗೇ ಬರತೈತಿ. ಬಂದ ಕೂಡಲೆ ಮುಂದಿನ ಇಮಾನ." ನಾನು ನಿನ್ನ ಬಾಣಂತನಕ್ಕೆಂದು ಅಳ್ವಿ ಉಂಡಿ ಕಟ್ಟಿದೆ. ಕೂಸಿನ ತಲೆಗೆ ಕೆಂಪು ಖಣದ ಕುಂಚಿಗೆ ಹೊಲಿದೆ, ಪಕ್ಕದ ಮನೆಯ ಮುಬೀನಾ ಅದರ ಅಂಚಿಗೆ ಜರಿ ಹಚ್ಚಿಕೊಟ್ಟಳು. ನೀವಿಬ್ಬರೂ ಅಲ್ಲೇ ರಜಿಸ್ಟರ್ ಮದುವೆಯಾದದ್ದರಿಂದ ಬೀಗರ ಮುಖವನ್ನು ನಾನು ನೋಡಿಯೇ ಇಲ್ಲ. ಬಾಣಂತನಕ್ಕೆ ಅವರೂ ಅಲ್ಲಿಗೆ ಬಂದಿದ್ದಾರೆಂದು ಕೇಳಿ, ಬೀಗತಿಗೊಂದು ಇಳಕಲ್ಲ ಸೀರೆ ಇಟ್ಟುಕೊಂಡೆ.

ಆಲಮಟ್ಟಿಯ ಹಿನ್ನೀರು ಬಿಟ್ಟರೆ ದೊಡ್ಡ ನೀರು ಕಂಡವಳಲ್ಲ ನಾನು. ಮೊದಲ ದಿನ ಬಂದರಿನಲ್ಲಿ ದೋಣಿ ಹತ್ತಿದೆವು. ಹಡಗುಗಳೆಂದರೆ, ಸಂತೆಯ ದಿನ ದೇವರ ಹಿಪ್ಪರಗಿಯ ಬಸ್‌ಸ್ಟ್ಯಾಂಡಿನ ಮುಂದೆ ಟಂಟಂ ಆಟೋಗಳು ನಿಂತ ಹಾಗೆ, ಒಂದರ ಹಿಂದೊಂದು. ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಕ್ರೇನು ಬೆಂಕಿಪೊಟ್ಟಣದ ಹಾಗೆ ಎತ್ತಿ ಇಡುತ್ತಿತ್ತು. ಬಾಯಿ ತೆರೆದು ನೋಡಿದೆ. ನಿಮ್ಮಪ್ಪ ಇದ್ದಿದ್ದರೆ ಆ ಪೆಟ್ಟಿಗೆಗಳಲ್ಲಿ ಏನಿದೆಯೆಂದು ಎಲ್ಲರನ್ನೂ ಕೇಳಿ ಜೀವ ತಿನ್ನುತ್ತಿದ್ದರು.

ದೋಣಿಯಲ್ಲಿ ಗದಗಿನ ಒಬ್ಬ ಹೆಣ್ಣುಮಗಳು ಸಿಕ್ಕಳು, ರಾಜಶ್ರೀ ಎಂದು ಹೆಸರು. ಕನ್ನಡ ಕೇಳಿ ಓಡಿ ಬಂದು ಪಕ್ಕದಲ್ಲೇ ಕುಳಿತಳು.

"ಯಾವೂರ್ರಿ ನಿಮ್ದು?"

"ಬಾಗೇವಾಡಿರಿ."

"ಹಂಗಾರ ನೀವು ನಮ್ಮ ಪೈಕಿನ ಇರಬೇಕಲ್ರಿ?"

"ನಿಮ್ಮ ಪೈಕಿ ಯಾವುದೋ ಗೊತ್ತಿಲ್ರಿ. ನಾವು ಬೌದ್ಧರು, ಬಾಬಾಸಾಹೇಬರ ಮಂದಿ."

ಅವಳು ಸೆರಗು ಎಳೆದುಕೊಂಡು ನೀರಿನ ಕಡೆ ತಿರುಗಿದಳು. ಆಮೇಲೆ ಡಬ್ಬಿ ತೆಗೆದು ಚಕ್ಕುಲಿ ಕೊಟ್ಟಳು. "ಎಲ್ಲಿಗೆ ಹೊಂಟೀರಿ ಮತ್ತ?" ಎಂದಳು.

"ಮಗಳ ಬಾಣಂತನಕ್ಕ ಹೊಂಟೇನ್ರಿ. ಮೊಮ್ಮಗಳು."

"ಛಲೋ ಆತು ಬಿಡ್ರಿ. ಆ ಕೂಸಿನ ಮಾರಿ ನೋಡಿದ್ರ ದಣಿವೆಲ್ಲಾ ಹೋಗತೈತಿ."

ನನಗೆ ಎಷ್ಟು ಹಿಗ್ಗಾಯಿತೆಂದರೆ ಕುಂಚಿಗೆಯನ್ನು ಚೀಲದಿಂದ ತೆಗೆದು ಅವಳಿಗೆ ತೋರಿಸಿದೆ. ತಿರುಗಿ ನೋಡಿದರೆ ಸಂಜೀವ ಇಲ್ಲ. ದೋಣಿಯ ಆ ತುದಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಿದ್ದ. ಹಡಗು ನೋಡುತ್ತಿರಬೇಕು ಎಂದುಕೊಂಡೆ.

ಮರುದಿನ ಚೀನಿಯರ ಓಣಿಯಲ್ಲಿರುವ ದೊಡ್ಡ ವಿಹಾರಕ್ಕೆ ಹೋದೆವು. ಎಷ್ಟು ಬಂಗಾರ, ಎಷ್ಟು ದೀಪ! ನನ್ನ ವಯಸ್ಸಿನ ಹೆಂಗಸರು ಊದಿನಕಡ್ಡಿ ಹಿಡಿದು ಬಾಗುತ್ತಿದ್ದರು. ಯಾರೂ ನನ್ನನ್ನು ಯಾರೆಂದು ಕೇಳಲಿಲ್ಲ. ಅವರ ಸಾಲಿನಲ್ಲೇ ಕುಳಿತು ತ್ರಿಶರಣ ಹೇಳಿದೆ. ಬುದ್ಧನಲ್ಲಿ ಏನನ್ನೂ ಬೇಡಬಾರದೆಂದು ಶಾಲೆಯ ಮಕ್ಕಳಿಗೆಲ್ಲ ಹೇಳಿಕೊಟ್ಟವಳು ನಾನು. ಆದರೂ ಆವತ್ತು ಬೇಡಿದೆ. ವೀಸಾ ಬರಲಿ, ಕೂಸನ್ನು ಒಮ್ಮೆ ಮಡಿಲಿಗೆ ಹಾಕಿಕೊಳ್ಳುವ ಹಾಗಾಗಲಿ ಎಂದು.

ಹೊರಗೆ ಮೆಟ್ಟಿಲ ಮೇಲೆ ಸಂಜೀವ ಹೇಳಿದ: "ಅವ್ವಾ, ವೀಸಾ ಆಗಲಿಲ್ಲ. ಇಲ್ಲಿಂದನ ಹೊಳ್ಳಿ ಹೋಗೂದೈತಿ."

"ಯಾಕಂತ?"

"ಅವರು ಕಾರಣ ಹೇಳೂದಿಲ್ಲ."

"ನಾಕು ದಿನ ಇರೂಣು. ಮತ್ತ ಕೇಳೂಣು."

"ಹೊಳ್ಳಿ ಹೋಗೂ ಇಮಾನ ಇವತ್ತ ಸಂಜಿಕೈತಿ."

"ಅದರ ತಿಕೀಟ ಯಾವಾಗ ತಗಿಸಿದ್ಯೋ?" ಎಂದು ಕೇಳಿದೆ. ಅವನು ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳತೊಡಗಿದ.

ಊರಿಗೆ ಬಂದ ದಿನ ಮುಬೀನಾ ಬಾಗಿಲಲ್ಲೇ ಕಾದು ನಿಂತಿದ್ದಳು. "ಕೂಸು ಯಾರ ಹಂಗೈತ್ರಿ ಟೀಚರ್ರ?" ಎಂದಳು. ಸರ್ಕಾರದವರು ಬಿಡಲಿಲ್ಲ ಎಂದೆ. ಅವಳು ಆ ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಬಯ್ದಳು. ಅವಳ ಸೊಸೆ ಗುಲನಾಜ ಹಡೆದಿದ್ದಾಳೆ, ಅಳ್ವಿ ಉಂಡಿ ಅವಳಿಗೆ ಕೊಟ್ಟೆ. ಕುಂಚಿಗೆ ಕೊಡಲು ಮನಸ್ಸು ಬರಲಿಲ್ಲ.

ನೀನು ತಣ್ಣೀರು ಮುಟ್ಟಬೇಡ. ಕಿವಿಗೆ ಬಟ್ಟೆ ಕಟ್ಟಿಕೋ. ಕೂಸಿಗೆ ಎಣ್ಣೆ ಹಚ್ಚುವಾಗ ಬೆನ್ನಿಗೆ ಹೆಚ್ಚು ಹಚ್ಚು, ನಿನಗೂ ಹಾಗೆಯೇ ಹಚ್ಚುತ್ತಿದ್ದೆ. ಅವಳು ಗಟ್ಟಿಮುಟ್ಟಾಗಿ ಬೆಳೆಯಲಿ, ಯಾರ ಮುಂದೆಯೂ ಕಣ್ಣು ಕೆಳಗೆ ಮಾಡದೆ ಬಾಳಲಿ.

ಇತಿ, ನಿನ್ನ ಅವ್ವ
ಯಶೋಧಾ

ತಾ.ಕ.: ಇಷ್ಟಕ್ಕೇ ಮುಗಿಸಬೇಕೆಂದಿದ್ದೆ, ಆಗುತ್ತಿಲ್ಲ. ಮೊನ್ನೆ ಸಂಜೀವ ಊಟದ ತಾಟು ಸರಿಸಿ ಅತ್ತ. "ಅವ್ವಾ, ವೀಸಾಕ್ಕ ಅರ್ಜಿನ ಹಾಕಿಲ್ಲ. ಅಕ್ಕ ಬ್ಯಾಡ ಅಂದ್ಳು. ನಾವು ಯಾರಂತ ಅರುಣಕುಮಾರ ಮಾಮಾಗ ಗೊತ್ತೈತಿ, ಅವರ ಅಪ್ಪ-ಅವ್ವಗ ಹೇಳಿಲ್ಲಂತ. ಅವ್ವ ಬಂದ್ರ ಮೊದಲನೇ ಮಾತಿಗೇ ಜೈಭೀಮ ಅಂತಾಳ, ಎಲ್ಲಾ ಬೈಲಾಗತೈತಿ, ಸಿಂಗಾಪುರ ತೋರ್ಸಿ ಹೊಳ್ಳಿ ಕರ್ಕೊಂಡು ಹೋಗು ಅಂದ್ಳು" ಎಂದ.

ಸಾಕ್ಷಿ, ಹೆದರಿಕೆ ಎಂದರೇನೆಂದು ನನಗೆ ಗೊತ್ತಿದೆ. ನಿಮ್ಮಪ್ಪ ಕನ್ನೊಳ್ಳಿಯಲ್ಲಿ ಹೋಟೆಲಿನ ಹೊರಗೆ ನಿಂತು ಚಹಾ ಕುಡಿದವರು. "ಅವ್ವಾ, ನನಗ ಅಂಜಿಕಿ ಆಗತೈತಿ, ಈಗ ಬರಬ್ಯಾಡ" ಎಂದು ನೀನೇ ಹೇಳಿದ್ದರೆ ಮನೆಯಲ್ಲೇ ಕುಳಿತು ಅಳುತ್ತಿದ್ದೆ, ನಿನ್ನ ಮೇಲೆ ಮುನಿಯುತ್ತಿರಲಿಲ್ಲ. ಆದರೆ ಅರ್ಜಿಯನ್ನೇ ಹಾಕದ ವೀಸಾಕ್ಕಾಗಿ ನಾನು ಬುದ್ಧನ ಮುಂದೆ ಸೆರಗೊಡ್ಡುವ ಹಾಗೆ ನೀನು ಮಾಡಿದೆ. ಅದು ನನಗೆ ನುಂಗಲು ಆಗುತ್ತಿಲ್ಲ.

ನಾನು ಹಾಸಿಗೆ ಹಿಡಿದಿದ್ದೇನೆ, ಅದಕ್ಕೇ ಬಂದಿಲ್ಲ ಎಂದು ಬೀಗರಿಗೆ ಹೇಳಿದ್ದೀಯಂತೆ. ನನಗೇನೂ ಆಗಿಲ್ಲ. ಈ ಕಾಗದವನ್ನು ನಾನೇ ಅಂಚೆ ಕಚೇರಿಗೆ ನಡೆದುಹೋಗಿ ಹಾಕುತ್ತೇನೆ, ನಿನ್ನ ಮನೆಯ ವಿಳಾಸಕ್ಕೇ. ಲಕೋಟೆಯ ಹಿಂದೆ ಯಶೋಧಾ ಚಂದಪ್ಪ ಚಲವಾದಿ ಎಂದು, ಜಾತಿ ಹೇಳುವ ಅಡ್ಡಹೆಸರಿನ ಸಮೇತ, ಪೂರ್ತಿ ಹೆಸರು ಬರೆದಿದ್ದೇನೆ. ಅಲ್ಲಿ ಬಾಗಿಲು ತೆಗೆದು ಅದನ್ನು ಯಾರು ತೆಗೆದುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ.